ಹಿಂಡಿಯಲ್ಲಿ ಅನ್ನ ಕಂಡವರು

ತುಂಗಭದ್ರೆಯ ದಡದ ಹೊಸಪೇಟೆ, ಕಂಪ್ಲಿಗಳ ಸುತ್ತಮುತ್ತ ಇಂದು ಬತ್ತ, ಕಬ್ಬು, ಬಾಳೆಗಳ ಹಸುರು ಕಣ್ಣು ತುಂಬುತ್ತದೆ. ಹಂಪೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ವಿಜಯನಗರದ ಅರಸರು ಹಲವು ಶತಮಾನಗಳ ಹಿಂದೆಯೇ ಇಲ್ಲಿ ಕಾಲುವೆಗಳನ್ನು ತೋಡಿಸಿದ್ದರು. ಆದರೆ ಕಾಲುವೆಯ ನೀರು ತಲುಪದ ಎಡೆಯಲ್ಲಿ, ಸಂಡೂರಿನ ಬೆಟ್ಟಗಳಾಚೆಗೂ ಹಬ್ಬಿರುವ ಒಣಬೇಸಾಯದ ಬಯಲಿನಲ್ಲಿ, ರೈತನು ಮುಗಿಲು ನೋಡಿಯೇ ಬಿತ್ತಬೇಕು. ಮಳೆ ಕೈಕೊಟ್ಟ ವರ್ಷ ಅವನ ಪಾಲಿಗೆ ಉಳಿಯುವುದು ಬರಿಯ ನೆಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಧಾತು ಈಶ್ವರ ಬರದಲ್ಲಿ ಬಳ್ಳಾರಿ ಸೀಮೆಯ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ.

ಆ ಬರಗಾಲದಲ್ಲಿ ಒಂದು ಪ್ರಶ್ನೆ ತಲೆಯೆತ್ತಿತು. ಕಲ್ಲು ಒಡೆದು, ಮಣ್ಣು ಹೊತ್ತು ಬದುಕುತ್ತಿದ್ದ ಪರಿಹಾರ ಕಾಮಗಾರಿಯ ಕೂಲಿಗಾರನಿಗೆ ದಿನಕ್ಕೆ ಎಷ್ಟು ಆಹಾರ ಸಾಕು? ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಆಗುವಷ್ಟು ಕೂಲಿ, ಅದರ ಮೇಲೆ ಅತ್ಯಲ್ಪ ಕಾಸು ಸಾಕೆಂದು ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ 1877ರಲ್ಲಿ ನಿರ್ಧರಿಸಿದನು. ಮದರಾಸು ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ವಿಲಿಯಂ ಕಾರ್ನಿಷ್ ಇದನ್ನು ವಿರೋಧಿಸಿದನು. ಧಾನ್ಯದ ತೂಕ ಮಾತ್ರ ಮುಖ್ಯವಲ್ಲ, ಮೈ ಕಟ್ಟುವ ಬೇಳೆಕಾಳೂ ಊಟದಲ್ಲಿರಬೇಕು ಎಂಬುದು ಅವನ ವಾದವಾಗಿತ್ತು. ಕೆಲವೇ ತಿಂಗಳಲ್ಲಿ ಆ ಕೂಲಿಯ ದರವನ್ನು ಬದಲಾಯಿಸಬೇಕಾಯಿತು. ಹಸಿದವನಿಗೆ ಎಷ್ಟು ಕೊಡಬೇಕು ಎಂಬುದರ ಜೊತೆಗೆ ಏನನ್ನು ಕೊಡಬೇಕು ಎಂಬ ವಿಚಾರವೂ ಹೀಗೆ ಬಂದಿತು. ಸುಮಾರು ಮುಕ್ಕಾಲು ಶತಮಾನದ ಅನಂತರ ಇದೇ ಪ್ರಶ್ನೆಗೆ ಉತ್ತರ ಹುಡುಕಲು ತಮ್ಮ ಬಾಳನ್ನು ಮುಡಿಪಾಗಿಟ್ಟು, ಕನ್ನಡ ನಾಡಿನಲ್ಲಿ ಆಹಾರ ವಿಜ್ಞಾನದ ದೊಡ್ಡ ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದವರು ಡಾ. ವೈದ್ಯನಾಥ ಸುಬ್ರಹ್ಮಣ್ಯನ್.

ಸುಬ್ರಹ್ಮಣ್ಯನ್ 1902ರಲ್ಲಿ ಜನಿಸಿದರು. ರಸಾಯನಶಾಸ್ತ್ರವು ಅವರ ಪ್ರೀತಿಯ ವಿಷಯವಾಗಿತ್ತು. ಜೀವಿಗಳ ಒಳಗೆ ನಡೆಯುವ ರಾಸಾಯನಿಕ ವ್ಯಾಪಾರವನ್ನು ಅರಿಯುವ ಜೀವರಸಾಯನ ಶಾಸ್ತ್ರವು ಆಗಿನ್ನೂ ಎಳೆಯ ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಈ ವಿದ್ಯೆಗೆಂದೇ ಒಂದು ವಿಭಾಗ 1920ರ ದಶಕದ ಆರಂಭದಲ್ಲಿ ಏರ್ಪಟ್ಟಿತ್ತು. ಸುಬ್ರಹ್ಮಣ್ಯನ್ ಅವರ ಹೆಸರು ಬಹುಕಾಲ ಈ ವಿಭಾಗದೊಡನೆ ಬೆಸೆದುಕೊಂಡಿತು.

ಹೆಚ್ಚಿನ ಸಂಶೋಧನೆಗಾಗಿ ಅವರು ಇಂಗ್ಲೆಂಡಿಗೆ ತೆರಳಿದರು. ಅಲ್ಲಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ನಡೆದುಬಂದಿರುವ ಕೃಷಿ ಸಂಶೋಧನ ಕೇಂದ್ರವು ಜಗತ್ತಿನಲ್ಲಿ ಹೆಸರಾದುದು. ಅಲ್ಲಿ ಅವರು ಆರಿಸಿಕೊಂಡ ವಿಷಯವು ಇಂಗ್ಲೆಂಡಿನ ಗೋದಿ ಹೊಲವಲ್ಲ. ನೀರು ನಿಂತ ಮಣ್ಣು. ಬತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ಹಾಗೆ ನಿಂತಾಗ ಮಣ್ಣಿನೊಳಗಿನ ಸಾರಜನಕ ಏನಾಗುತ್ತದೆ, ಪೈರಿಗೆ ಅದು ಹೇಗೆ ಒದಗುತ್ತದೆ ಎಂಬುದನ್ನು ಅವರು ಪರಿಶೀಲಿಸಿದರು. ಮಣ್ಣಿನ ಸಾವಯವ ಅಂಶದಿಂದ ಅಮೋನಿಯ ಹುಟ್ಟುವ ಬಗೆಯನ್ನು ವಿವರಿಸುವ ಅವರ ಲೇಖನಗಳು 1927ರಿಂದ ಪ್ರಕಟವಾದವು. ದೂರದ ದೇಶದಲ್ಲಿದ್ದರೂ ಅವರ ಮನಸ್ಸು ತಮ್ಮ ನಾಡಿನ ಗದ್ದೆಯ ಮೇಲೆಯೇ ಇತ್ತು. ಲಂಡನ್ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿಯನ್ನು ಪಡೆದು ಅವರು ತಾಯ್ನಾಡಿಗೆ ಮರಳಿದರು.

ಬೆಂಗಳೂರಿನಲ್ಲಿ ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾಗಿ, ಮುಖ್ಯಸ್ಥರಾಗಿ ಅವರು ಅನೇಕ ತರುಣರನ್ನು ಸಂಶೋಧನೆಗೆ ಅಣಿಗೊಳಿಸಿದರು. ಈ ನಡುವೆ ಎರಡನೆಯ ಮಹಾಯುದ್ಧ ಬಂದಿತು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ತಲೆದೋರಿ, ಹಸಿವಿನಿಂದಲೂ ಅದರ ಬೆನ್ನ ಹಿಂದೆ ಬಂದ ರೋಗಗಳಿಂದಲೂ 20ರಿಂದ 30 ಲಕ್ಷ ಜನ ಮಡಿದರೆಂದು ಅಂದಾಜು. ದೇಶದೆಲ್ಲೆಡೆ ಅಕ್ಕಿಗೆ ಪಡಿತರ ಬಂದಿತು. ಹಾಲು ಬಡವರ ಮಕ್ಕಳಿಗೆ ಕನಸಾಯಿತು. ಸುಬ್ರಹ್ಮಣ್ಯನ್ ಅವರೂ ಅವರ ಸಹೋದ್ಯೋಗಿಗಳೂ ಸೋಯಾ ಅವರೆಯಿಂದಲೂ ನೆಲಗಡಲೆಯಿಂದಲೂ ಹಾಲಿನಂಥ ಪಾನೀಯ ತಯಾರಿಸುವ ಬಗೆಯನ್ನು ಶೋಧಿಸತೊಡಗಿದರು. ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಸೋಸಿ, ಕಾಯಿಸಿ ಪಡೆದ ಆ ಬಿಳಿಯ ದ್ರವಕ್ಕೆ ಸುಣ್ಣದಂಶ ಮತ್ತು ಜೀವಸತ್ವಗಳನ್ನು ಬೆರೆಸಿದರೆ ಅದು ಹಸುವಿನ ಹಾಲಿಗೆ ಎಷ್ಟರ ಮಟ್ಟಿಗೆ ಸಮನಾಗಬಲ್ಲುದು ಎಂದು ಪರೀಕ್ಷಿಸಿದರು. ಮಣ್ಣಿನ ಸಾರಜನಕವನ್ನು ಅಭ್ಯಾಸ ಮಾಡಿದ್ದ ವಿಜ್ಞಾನಿ ಈಗ ಮನುಷ್ಯನ ಊಟದ ಸಾರಜನಕದ ಕಡೆಗೆ ತಿರುಗಿದ್ದರು.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ನಾವು ತಿನ್ನುವ ಅನ್ನ, ರೊಟ್ಟಿಗಳಲ್ಲಿ ಹೆಚ್ಚಿನ ಭಾಗ ಪಿಷ್ಟ. ಅದು ದೇಹಕ್ಕೆ ಶಕ್ತಿ ಕೊಡುತ್ತದೆ. ಸ್ನಾಯು, ರಕ್ತ, ಚರ್ಮ ಮುಂತಾದವುಗಳನ್ನು ಕಟ್ಟುವುದು ಸಸಾರಜನಕ, ಎಂದರೆ ಪ್ರೋಟೀನು. ಅಕ್ಕಿಯಲ್ಲಿ ಇದರ ಅಂಶ ನೂರಕ್ಕೆ ಸುಮಾರು 7 ಮಾತ್ರ. ಬೆಳೆಯುವ ಮಗುವಿಗೆ ಅನ್ನದ ಗಂಜಿಯೊಂದನ್ನೇ ಕೊಟ್ಟು, ಹಾಲು, ಬೇಳೆ, ಮೊಟ್ಟೆ ಯಾವುದೂ ದೊರೆಯದಿದ್ದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಹಾಲು, ಮೊಟ್ಟೆ, ಮಾಂಸಗಳು ಉತ್ತಮ ಸಸಾರಜನಕದ ಮೂಲಗಳೇನೋ ಹೌದು. ಆದರೆ ಬಡವರ ಕೈಗೆ ಅವು ಎಟುಕುವುದಿಲ್ಲ. ಅಗ್ಗವಾದ ಮೂಲವೊಂದನ್ನು ಹುಡುಕಲೇಬೇಕಾಗಿತ್ತು.

ಆ ಮೂಲ ಭಾರತದಲ್ಲಿಯೇ ರಾಶಿರಾಶಿಯಾಗಿ ಬಿದ್ದಿತ್ತು. ಬಳ್ಳಾರಿಯಂಥ ಒಣ ಸೀಮೆಗಳಲ್ಲಿ ರೈತರು ಬೆಳೆಯುವ ಶೇಂಗಾ ಗಾಣಕ್ಕೂ ಎಣ್ಣೆ ಗಿರಣಿಗೂ ಹೋಗುತ್ತದೆ. ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಕಾಲುಭಾಗದಷ್ಟು ಸಸಾರಜನಕ. ಎಣ್ಣೆಯನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಸಸಾರಜನಕದ ಪ್ರಮಾಣ ನೂರಕ್ಕೆ 40ರಿಂದ 50ಕ್ಕೆ ಏರುತ್ತದೆ. ಇಷ್ಟು ಸತ್ವವುಳ್ಳ ಹಿಂಡಿ ದನಗಳ ಬಾನಿಗೆ ಹೋಗುತ್ತಿತ್ತು. ಹೊಲಕ್ಕೆ ಗೊಬ್ಬರವಾಗಿಯೂ ಬೀಳುತ್ತಿತ್ತು. ಎಣ್ಣೆಯ ವ್ಯಾಪಾರಿಗೆ ಅದು ಉಳಿಕೆಯ ಸರಕು. ಸುಬ್ರಹ್ಮಣ್ಯನ್ ಅವರಿಗೆ ಅದರಲ್ಲಿ ಕೋಟ್ಯಂತರ ಮಕ್ಕಳ ಅನ್ನ ಕಂಡಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶಕ್ಕೆ ರಾಷ್ಟ್ರೀಯ ಪ್ರಯೋಗಾಲಯಗಳು ಬೇಕೆಂಬ ಸಂಕಲ್ಪವನ್ನು ಶಾಂತಿಸ್ವರೂಪ ಭಟ್ನಾಗರ್ ಅವರು ಕೈಗೂಡಿಸುತ್ತಿದ್ದರು. ಆಹಾರಕ್ಕೆ ಮೀಸಲಾದ ಪ್ರಯೋಗಾಲಯಕ್ಕೆ ಮೈಸೂರು ನಗರವನ್ನು ಆರಿಸಲಾಯಿತು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದ ಭವ್ಯವಾದ ಚೆಲುವಾಂಬ ವಿಲಾಸ ಅರಮನೆಯು ಇದಕ್ಕೆ ದೊರಕಿತು. 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಅಲ್ಲಿ ಪ್ರಾರಂಭವಾಯಿತು. ಸುಬ್ರಹ್ಮಣ್ಯನ್ ಅವರೇ ಅದರ ಮೊದಲ ನಿರ್ದೇಶಕರು. ರಾಜಮನೆತನದವರ ನಿವಾಸವಾಗಿದ್ದ ಕಟ್ಟಡದಲ್ಲಿ ಬಡವರ ಊಟದ ಚಿಂತನೆ ನಡೆಯತೊಡಗಿತು.

ಅವರ ದೃಷ್ಟಿಯಲ್ಲಿ ಸಂಶೋಧನೆಯು ಲೇಖನ ಬರೆದು ಮುಗಿಸುವ ಕೆಲಸವಾಗಿರಲಿಲ್ಲ. ಬೀಕರಿನಲ್ಲಿ ಹದಗೊಂಡ ವಸ್ತು ಕಾರ್ಖಾನೆಯ ಹಂಡೆಯಲ್ಲಿಯೂ ಹದಗೊಳ್ಳಬೇಕು. ಅಲ್ಲಿಂದ ಪೊಟ್ಟಣವಾಗಿ ಅಂಗಡಿಗೆ ಬರಬೇಕು. ಕೂಲಿಗಾರನ ಹೆಂಡತಿ ಅದನ್ನು ಕೊಂಡು ಒಲೆಯ ಮೇಲೆ ಬೇಯಿಸುವಂತಾಗಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಂಶೋಧನೆ ವ್ಯರ್ಥ. ಆದುದರಿಂದ ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವೆ ಸಣ್ಣ ಪ್ರಮಾಣದ ಮಾದರಿ ಯಂತ್ರಾಗಾರಗಳಿಗೆ ಮೈಸೂರಿನ ಸಂಸ್ಥೆಯಲ್ಲಿ ಮಹತ್ತ್ವ ದೊರಕಿತು. ಅಲ್ಲಿ ಪರೀಕ್ಷೆಗೊಂಡ ವಿಧಾನಗಳನ್ನು ಉದ್ಯಮಿಗಳಿಗೆ ಒದಗಿಸುವ ಪದ್ಧತಿ ಬೆಳೆಯಿತು. ಸುಬ್ರಹ್ಮಣ್ಯನ್ ತಮಗಾಗಿ ಕಾರ್ಖಾನೆಯನ್ನು ಸ್ಥಾಪಿಸಲಿಲ್ಲ. ಇತರರು ಕಾರ್ಖಾನೆಗಳನ್ನು ಸ್ಥಾಪಿಸುವಂತೆ ದಾರಿ ಮಾಡಿಕೊಟ್ಟರು.

ಅವರ ಕಾಲದ ಕೆಲಸಗಳಲ್ಲಿ ಬಹು ಪ್ರಸಿದ್ಧವಾದುದು ಭಾರತೀಯ ವಿವಿಧೋದ್ದೇಶ ಆಹಾರ. ಅಮೆರಿಕದಲ್ಲಿ ಹೆನ್ರಿ ಬೋರ್ಸುಕ್ ಎಂಬ ವಿಜ್ಞಾನಿ ಸೋಯಾ ಹಿಟ್ಟಿನಿಂದ ಇಂಥದೊಂದು ಆಹಾರವನ್ನು ಮೊದಲು ಸಿದ್ಧಪಡಿಸಿದ್ದರು. ಸೋಯಾ ನಮ್ಮಲ್ಲಿ ಆಗ ಅಪರೂಪದ ಬೆಳೆ. ಮೈಸೂರಿನಲ್ಲಿ ನಮ್ಮ ನೆಲದ ಕಾಳುಗಳನ್ನೇ ಆರಿಸಿಕೊಂಡರು. ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಭಾಗ, ಹುರಿದ ಕಡಲೆಯ ಹಿಟ್ಟು 25 ಭಾಗ. ಇವುಗಳ ಜೊತೆಗೆ ಎ ಮತ್ತು ಡಿ ಜೀವಸತ್ವಗಳು, ಬಿ ಗುಂಪಿನ ಕೆಲವು ಜೀವಸತ್ವಗಳು ಹಾಗೂ ಸುಣ್ಣದಂಶ. ಈ ಮಿಶ್ರಣದ ಹಿಂದೆ ಒಂದು ಯುಕ್ತಿಯಿದೆ. ಸಸಾರಜನಕಗಳೆಲ್ಲವೂ ಒಂದೇ ಗುಣದವಲ್ಲ. ಶೇಂಗಾದ ಸಸಾರಜನಕದಲ್ಲಿ ಲೈಸಿನ್ ಎಂಬ ಘಟಕವು ಕಡಮೆ. ಕಡಲೆಯಲ್ಲಿ ಅದು ಹೆಚ್ಚು. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಹೀಗೆ ತಯಾರಾದ ಹಿಟ್ಟಿನಲ್ಲಿ ನೂರಕ್ಕೆ 40ಕ್ಕೂ ಮಿಕ್ಕಿ ಸಸಾರಜನಕವಿತ್ತು. ದಿನಕ್ಕೆ ಒಂದೆರಡು ಔನ್ಸಿನಷ್ಟನ್ನು ಸಾರು, ಪಲ್ಯ, ರೊಟ್ಟಿ, ಗಂಜಿ ಯಾವುದರಲ್ಲಿ ಬೇಕಾದರೂ ಬೆರೆಸಬಹುದಾಗಿತ್ತು. ಅದು ಊಟದ ಬದಲಿಗೆ ಕೊಡುವ ವಸ್ತುವಲ್ಲ. ಬಡ ಊಟಕ್ಕೆ ಬಲ ಕೊಡುವ ಪೂರಕ.

ದನಕ್ಕೆ ಹಾಕುವ ಹಿಂಡಿಯನ್ನು ಹಾಗೆಯೇ ಬೀಸಿ ಮನುಷ್ಯನಿಗೆ ಉಣಿಸಲಾಗದು. ಅದರಲ್ಲಿ ಮಣ್ಣು, ಹೊಟ್ಟು, ಕೊಳೆತ ಬೀಜ ಎಲ್ಲವೂ ಸೇರಿರುತ್ತವೆ. ಒಳ್ಳೆಯ ಬೀಜವನ್ನು ಆರಿಸಿ, ಹದವಾಗಿ ಹುರಿದು, ಕೆಂಪು ಸಿಪ್ಪೆಯನ್ನೂ ಕಹಿ ತರುವ ಮೊಳಕೆಯ ಭಾಗವನ್ನೂ ತೆಗೆದು, ಶುಚಿಯಾದ ಯಂತ್ರದಲ್ಲಿ ಎಣ್ಣೆ ಹಿಂಡಿ, ಬಳಿಕ ಬೀಸಿದರೆ ಮಾತ್ರ ತಿನ್ನಲು ಯೋಗ್ಯವಾದ ಹಿಟ್ಟು ದೊರೆಯುತ್ತದೆ. ಆ ಹಿಟ್ಟಿನ ಗುಣವನ್ನು ಮೊದಲು ಇಲಿಗಳ ಮೇಲೆಯೂ ಅನಂತರ ಮಕ್ಕಳ ಆಹಾರದಲ್ಲಿಯೂ ಪರೀಕ್ಷಿಸಲಾಯಿತು. ಈ ಕಾರ್ಯದಲ್ಲಿ ಪೌಷ್ಟಿಕಾಂಶ ವಿಜ್ಞಾನಿ ಎಂ. ಸ್ವಾಮಿನಾಥನ್ ಮೊದಲಾದವರು ಅವರಿಗೆ ಹೆಗಲು ಕೊಟ್ಟರು. ಪೂರಕ ಆಹಾರ ಪಡೆದ ಮಕ್ಕಳ ಎತ್ತರ, ತೂಕಗಳನ್ನು ಪಡೆಯದ ಮಕ್ಕಳವುಗಳೊಡನೆ ಹೋಲಿಸಿ ನೋಡುವ ಶಿಸ್ತನ್ನು ಅವರು ಎಂದೂ ಬಿಡಲಿಲ್ಲ.

ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ಅಕ್ಕಿಯ ಅಭಾವ ತೀವ್ರವಾಗಿದ್ದ ಆ ದಿನಗಳಲ್ಲಿ ಮರಗೆಣಸಿನ ಹಿಟ್ಟಿಗೆ ಶೇಂಗಾ ಹಿಟ್ಟನ್ನು ಸೇರಿಸಿ 'ಮೈಸೂರು ಹಿಟ್ಟು' ಎಂಬ ಮಿಶ್ರಣವನ್ನು ಮಾಡಿದರು. ಮರಗೆಣಸಿನಲ್ಲಿ ಪಿಷ್ಟವೇ ಹೆಚ್ಚು. ಶೇಂಗಾ ಅದಕ್ಕೆ ಸಸಾರಜನಕವನ್ನು ಕೊಟ್ಟಿತು. ಇಂಥ ಹಿಟ್ಟನ್ನೇ ಯಂತ್ರದಲ್ಲಿ ಒತ್ತಿ ಅಕ್ಕಿಯ ಕಾಳಿನಂತೆ ರೂಪಿಸಿದ ಕೃತಕ ಅಕ್ಕಿಯೂ ಹೊರಬಂದಿತು. ಪೌಷ್ಟಿಕತೆಯ ಲೆಕ್ಕದಲ್ಲಿ ಅದು ಪಾಲಿಶ್ ಮಾಡಿದ ಅಕ್ಕಿಗಿಂತ ಮೇಲಾಗಿತ್ತು. ಆದರೂ ಜನರು ಅದನ್ನು ತಮ್ಮ ಅನ್ನವೆಂದು ಒಪ್ಪಿಕೊಳ್ಳಲಿಲ್ಲ. ಊಟವೆಂಬುದು ರುಚಿ, ವಾಸನೆ, ರೂಢಿ, ಮರ್ಯಾದೆಗಳಿಂದ ಕೂಡಿದ್ದು. ಬರಗಾಲದ ಅನ್ನವೆಂಬ ಹೆಸರು ಹೊತ್ತ ಪದಾರ್ಥವನ್ನು ಹಸಿದವನೂ ಸಂಕೋಚದಿಂದಲೇ ಮುಟ್ಟುತ್ತಾನೆ. ನಾಲಿಗೆಯನ್ನು ಒಲಿಸಿಕೊಳ್ಳದ ಪೌಷ್ಟಿಕ ಆಹಾರವು ಹೊಟ್ಟೆಯನ್ನು ಸೇರದು ಎಂಬ ಪಾಠವನ್ನು ಈ ಸೋಲು ಕಲಿಸಿತು.

ಇನ್ನೊಂದು ಸಾಹಸ ಪೂರ್ಣವಾಗಿ ಗೆದ್ದಿತು. 1950ರ ದಶಕದಲ್ಲಿ ಹಸುಗೂಸುಗಳಿಗೆ ಬೇಕಾದ ಹಾಲಿನ ಪುಡಿಯ ಡಬ್ಬಗಳು ಬಹುಮಟ್ಟಿಗೆ ಹೊರದೇಶಗಳಿಂದ ಬರುತ್ತಿದ್ದವು. ಅಲ್ಲಿ ಅದನ್ನು ಹಸುವಿನ ಹಾಲಿನಿಂದ ಮಾಡುತ್ತಿದ್ದರು. ನಮ್ಮಲ್ಲಿ ಹೇರಳವಾಗಿದ್ದುದು ಎಮ್ಮೆಯ ಹಾಲು. ಅದರಲ್ಲಿ ಕೊಬ್ಬು ಹೆಚ್ಚು. ಮಗುವಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುವುದರಿಂದ ಬೇಗ ಜೀರ್ಣವಾಗದು. ಎಮ್ಮೆಯ ಹಾಲು ಶಿಶುವಿನ ಆಹಾರಕ್ಕೆ ಒದಗದೆಂಬ ಅಭಿಪ್ರಾಯ ಬಲವಾಗಿದ್ದಾಗ, ಮೈಸೂರಿನ ವಿಜ್ಞಾನಿಗಳು ಅದರ ಕೊಬ್ಬನ್ನು ತಗ್ಗಿಸಿ, ಮೃದುವಾಗಿ ಒಡೆಯುವಂತೆ ಹದಗೊಳಿಸಿ, ಸಕ್ಕರೆ ಹಾಗೂ ಜೀವಸತ್ವಗಳನ್ನು ಬೆರೆಸಿ, ಪುಡಿ ಮಾಡುವ ವಿಧಾನವನ್ನು ಕಂಡುಹಿಡಿದರು. ಗುಜರಾತಿನ ಆನಂದ್ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವು ಅದನ್ನು ಕಾರ್ಖಾನೆಯಲ್ಲಿ ಅಳವಡಿಸಿಕೊಂಡಿತು. ಅಮುಲ್ ಹೆಸರಿನ ಶಿಶು ಆಹಾರ ಹೀಗೆ ಹುಟ್ಟಿತು. ಹಳ್ಳಿಯ ಎಮ್ಮೆ ಸಾಕಿದ ರೈತನಿಗೂ ಪಟ್ಟಣದ ತಾಯಿಗೂ ಅದರಿಂದ ಉಪಕಾರವಾಯಿತು. 1960ರಲ್ಲಿ ಭಾರತ ಸರ್ಕಾರವು ಸುಬ್ರಹ್ಮಣ್ಯನ್ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಅದೇ 1960ರಲ್ಲಿ ಇಂಗ್ಲೆಂಡಿನಿಂದ ಆತಂಕದ ವಾರ್ತೆಯೊಂದು ಬಂದಿತು. ಅಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುಬಿದ್ದವು. ಹುಡುಕುತ್ತ ಹೋದಾಗ, ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಬೆಳೆದು, ಅದರಿಂದ ವಿಷವೊಂದು ಹುಟ್ಟಿತ್ತೆಂದು ತಿಳಿಯಿತು. ಅಫ್ಲಟಾಕ್ಸಿನ್ ಎಂದು ಹೆಸರು ಪಡೆದ ಆ ವಿಷವು ಯಕೃತ್ತನ್ನು ಕೆಡಿಸುತ್ತದೆ. ಶೇಂಗಾ ಹಿಟ್ಟನ್ನೇ ನಂಬಿ ಕಟ್ಟಿದ ಯೋಜನೆಗಳೆಲ್ಲಕ್ಕೂ ಇದು ದೊಡ್ಡ ಪೆಟ್ಟು. ಮಕ್ಕಳ ಬಾಯಿಗೆ ಹೋಗುವ ಪದಾರ್ಥದಲ್ಲಿ ಸಂಶಯಕ್ಕೆ ಎಡೆಯಿರಬಾರದು. ಬೀಜವನ್ನು ಕಿತ್ತ ಕೂಡಲೆ ಚೆನ್ನಾಗಿ ಒಣಗಿಸುವುದು, ಬೂಷ್ಟು ಹಿಡಿದ ಕಾಳನ್ನು ಆರಿಸಿ ಎಸೆಯುವುದು, ಹಿಟ್ಟನ್ನು ತಪ್ಪದೆ ಪರೀಕ್ಷಿಸುವುದು ಅನಿವಾರ್ಯವಾಯಿತು. ಬಳ್ಳಾರಿಯ ಒಂದು ಹೊಲದಲ್ಲಿ ಶೇಂಗಾ ಸರಿಯಾಗಿ ಒಣಗಿತೋ ಇಲ್ಲವೋ ಎಂಬುದಕ್ಕೂ ದೂರದ ಊರಿನ ಮಗುವಿನ ಆರೋಗ್ಯಕ್ಕೂ ಇರುವ ನಂಟು ಆಗ ಸ್ಪಷ್ಟವಾಯಿತು.

ಮುಂದೆ 1970ರ ದಶಕದಲ್ಲಿ ವಿಜ್ಞಾನಿಗಳ ವಿಚಾರವೂ ಬದಲಾಯಿತು. ಬಡ ಮಕ್ಕಳ ಕೃಶತೆಗೆ ಸಸಾರಜನಕದ ಕೊರತೆಯೇ ಮುಖ್ಯ ಕಾರಣವೆಂಬ ಹಿಂದಿನ ನಂಬಿಕೆಯನ್ನು ಪಿ. ವಿ. ಸುಖಾತ್ಮೆಯಂಥವರು ಪ್ರಶ್ನಿಸಿದರು. ಹೊಟ್ಟೆ ತುಂಬ ಊಟವಿಲ್ಲದಿದ್ದರೆ ದೇಹವು ಸಸಾರಜನಕವನ್ನೂ ಸೌದೆಯಂತೆ ಉರಿಸಿಬಿಡುತ್ತದೆ. ಆದುದರಿಂದ ಮೊದಲು ಬೇಕಾದುದು ಸಾಕಷ್ಟು ಅನ್ನ ಎಂದು ಅವರು ತೋರಿಸಿದರು. ಇದರಿಂದ ಸುಬ್ರಹ್ಮಣ್ಯನ್ ಅವರ ಶ್ರಮ ಹುಸಿಯಾಗಲಿಲ್ಲ. ಪೂರಕವು ಪೂರಕವೇ, ಅದು ಊಟದ ಸ್ಥಾನವನ್ನು ಕಸಿದುಕೊಳ್ಳಲಾರದು ಎಂಬ ಅರಿವು ಮಾತ್ರ ಗಟ್ಟಿಯಾಯಿತು.

1963ರಲ್ಲಿ ಸುಬ್ರಹ್ಮಣ್ಯನ್ ಮೈಸೂರಿನ ಹೊಣೆಯಿಂದ ನಿವೃತ್ತರಾದರು. ವಿಶ್ರಾಂತಿ ಅವರ ಸ್ವಭಾವವಾಗಿರಲಿಲ್ಲ. ಆ ದಶಕದ ಉತ್ತರಾರ್ಧದಲ್ಲಿ ತಂಜಾವೂರು ಸೀಮೆಯಲ್ಲಿ ಕುರುವೈ ಬತ್ತದ ಕೊಯ್ಲಿಗೆ ಸರಿಯಾಗಿ ಜಡಿಮಳೆ ಹಿಡಿಯಿತು. ಕೊಯ್ದ ಬತ್ತ ಕಣದಲ್ಲಿಯೇ ನೆನೆದು ಮೊಳೆಯತೊಡಗಿತು. ಒಣಗಿಸಲು ಬಿಸಿಲಿಲ್ಲ, ರೈತನ ಬಳಿ ಯಂತ್ರವಿಲ್ಲ. ನೆನೆದ ಬತ್ತಕ್ಕೆ ಅಡುಗೆಯ ಉಪ್ಪನ್ನೂ ಬತ್ತದ ಹೊಟ್ಟನ್ನೂ ಬೆರೆಸಿ ಇಡುವ ಸುಲಭೋಪಾಯವನ್ನು ಸುಬ್ರಹ್ಮಣ್ಯನ್ ಸೂಚಿಸಿದರು. ಉಪ್ಪು ನೀರನ್ನು ಹೀರಿ ಮೊಳಕೆಯನ್ನು ತಡೆಯುತ್ತದೆ. ಬಿಸಿಲು ಬರುವವರೆಗೆ ಕಾಳು ಕೆಡದೆ ಉಳಿಯುತ್ತದೆ. ಕೊಯ್ಲಿನ ಹೊತ್ತಿಗೆ ಮೋಡ ಕವಿದಾಗ ಕಂಪ್ಲಿಯ ಬತ್ತದ ರೈತನ ಎದೆ ಏಕೆ ನಡುಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಉಪಾಯದ ಬೆಲೆ ತಿಳಿಯುತ್ತದೆ. ಈ ಕೆಲಸದ ಮುಂದುವರಿಕೆಯಾಗಿ ತಿರುವಾರೂರಿನ ಆಧುನಿಕ ಅಕ್ಕಿ ಗಿರಣಿಯ ಆವರಣದಲ್ಲಿ ಬತ್ತದ ಸಂಸ್ಕರಣೆಗೆ ಸಂಬಂಧಿಸಿದ ಸಂಶೋಧನೆ ಬೇರೂರಿತು. ಆ ಬೀಜವೇ ಬೆಳೆದು ತಂಜಾವೂರಿನ ರಾಷ್ಟ್ರೀಯ ಆಹಾರ ತಂತ್ರಜ್ಞಾನ ಸಂಸ್ಥೆಯಾಗಿದೆ. ನೀರು ನಿಂತ ಗದ್ದೆಯ ಮಣ್ಣಿನಿಂದ ಸಂಶೋಧನೆಯನ್ನು ಆರಂಭಿಸಿದವರು ಕೊನೆಗೆ ನೀರಿನಲ್ಲಿ ನೆನೆದ ಬತ್ತವನ್ನು ಕಾಪಾಡುವ ಕೆಲಸದಲ್ಲಿ ನಿರತರಾದರು. 1979ರಲ್ಲಿ ಅವರು ನಿಧನ ಹೊಂದಿದರು.

ಇಂದು ಪೌಷ್ಟಿಕ ಪುಡಿಗಳ ಬಣ್ಣಬಣ್ಣದ ಡಬ್ಬಗಳು ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ಬೆಲೆ ತೆರಬಲ್ಲವರನ್ನು ಅವು ಕರೆಯುತ್ತವೆ. ಸುಬ್ರಹ್ಮಣ್ಯನ್ ಅವರ ಗಮನವಿದ್ದುದು ಬೆಲೆ ತೆರಲಾರದವರ ಕಡೆಗೆ. ಅಗ್ಗದ ಕಾಳು, ಶುಚಿಯಾದ ವಿಧಾನ, ಪ್ರಾಮಾಣಿಕವಾದ ಪರೀಕ್ಷೆ ಇವು ಮೂರೂ ಕೂಡಿದರೆ ಬಡವನ ತಟ್ಟೆಗೂ ಬಲ ಬರುತ್ತದೆ ಎಂಬುದು ಅವರ ನಿಷ್ಠೆಯಾಗಿತ್ತು. ಅವರ ಕೆಲವು ಆಹಾರಗಳು ಮರೆಯಾಗಿವೆ, ಕೆಲವು ರೂಪಾಂತರಗೊಂಡಿವೆ. ಆದರೆ ಅಂಗನವಾಡಿಯಲ್ಲಿ ಮಗುವಿನ ಕೈಗೆ ಬರುವ ಕಾಳು, ಧಾನ್ಯಗಳ ಪೌಷ್ಟಿಕ ಮಿಶ್ರಣದ ಹಿಂದೆ ಅವರಂಥವರು ಹಾಕಿಕೊಟ್ಟ ದಾರಿಯಿದೆ. ಇತರರು ಉಳಿಕೆಯೆಂದು ಬದಿಗಿಟ್ಟುದರಲ್ಲಿ ಸತ್ವವನ್ನು ಗುರುತಿಸಿ, ಅದನ್ನು ಹಸಿದವರಿಗೆ ಮುಟ್ಟಿಸಲು ಶ್ರಮಿಸಿದ ಅವರ ಬಾಳು ವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಮೇಲ್ಪಂಕ್ತಿಯಾಗಿದೆ.